ಕಾಯಿಲೆ ಬಸ್ಯಾನಿಗೆ, ರಿಪೇರಿ ಗೂಡಿಗೆ

ಬಸ್ಯಾ ನಮ್ಮ ಮನೆಯ ಗೋಸುಂಬೆ. ವೇಲ್ಡ್ ಕಮೀಲಿಯನ್ ಅಂತ ಕರೆಯುವ ಜಾತಿ, ಮೂಲ ಯೆಮನ್ ಮತ್ತು ಸೌದಿ ಅರೇಬಿಯಾ. ನೆತ್ತಿಯ ಮೇಲೆ ಎತ್ತಿನ ಹಿಣಿಲಿನ ಹಾಗೆ ಎದ್ದು ನಿಂತ ಕಿರೀಟ. ಅದನ್ನು ನೋಡಿದ ಕೂಡಲೇ ನಮ್ಮವ್ವ "ಬಸವಣ್ಣ ಬಂದಾನ" ಅಂದಳು. ಎರಡನೇ ದಿನಕ್ಕೆ ಅದು ಬಸ್ಯಾ ಆಯಿತು. ನಾವಿರುವುದು ಪುಣೆಯ ನಿಗಡಿಯಲ್ಲಿ, ನಾಲ್ಕನೇ ಮಹಡಿ. ಊರು ಧಾರವಾಡದ ಹತ್ತಿರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಬೇಲಿಯಲ್ಲಿ, ಜಾಲಿಗಿಡದಲ್ಲಿ ಕಾಣುವ ಗೋಸುಂಬೆ ಬೇರೆ. (ಕತ್ತು ಕೆಂಪಗೆ ಮಾಡಿಕೊಂಡು ತಲೆ ಆಡಿಸುವ ಓತಿಕ್ಯಾತನನ್ನೂ ಜನ ಗೋಸುಂಬೆ ಅಂತಾರೆ, ಅದಂತೂ ಇನ್ನೂ ಬೇರೆ.) ನಮ್ಮ ದೇಶದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿದು ತಂದು ಸಾಕುವ ಹಾಗಿಲ್ಲ. ಬಸ್ಯಾ ಹೊರದೇಶದ ಜಾತಿ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಇಂಥವನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈ ಬದಲಾದರೂ ತಿಳಿಸಬೇಕು. ಗೆಳೆಯನೊಬ್ಬ ಕೆಲಸದ ಮೇಲೆ ಹೊರದೇಶಕ್ಕೆ ಹೋಗುವಾಗ ಕಾಗದಪತ್ರ ಎಲ್ಲ ಸರಿಮಾಡಿ ನಮಗೆ ಕೊಟ್ಟ. ಗೂಡು ಸಮೇತ ಕೊಟ್ಟ. ತಂಟೆ ಎಲ್ಲ ಇದ್ದದ್ದು ಆ ಗೂಡಿನಲ್ಲೇ.

ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸದವನು. ಮಷೀನ್ ನಿಂತರೆ ಮೊದಲು ರಿಜಿಸ್ಟರ್‌ನಲ್ಲಿ ಬರೆದು ಆಮೇಲೆ ಪಾನಾ ಹಿಡಿಯುವುದು ಅಭ್ಯಾಸ. ಬಸ್ಯಾನದ್ದೂ ಹಾಗೇ ಬರೆದಿಟ್ಟೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹಾಕುತ್ತಿದ್ದೇನೆ.

ಮಾರ್ಚ್ 9

ಮೊದಲು ಕಂಡದ್ದು ಅವ್ವನಿಗೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದಳು, "ಬಸ್ಯಾ ಹಗಲ ಹೊತ್ತಿನ್ಯಾಗ ಕಣ್ಣ ಮುಚ್ಚಾಕತ್ತೈತಿ ನೋಡೋ. ಕೋಳಿ ಹಿಂಗ ತೂಕಡಿಸಿದ್ರ ನಾವು ರೋಗ ಬಂತು ಅಂತಿದ್ವಿ."

"ಬ್ಯಾಸಗಿ ಬೇ, ಸೆಕಿಗೆ ಮಲಗಿರಬೇಕು" ಅಂದೆ. ಅಂದು ಸುಮ್ಮನಾದೆ. ನಾಲ್ಕು ದಿನ ಅಲ್ಲೇ ಹೋಯಿತು.

ಈಗ ಗೊತ್ತು, ಗೋಸುಂಬೆ ಹಗಲಲ್ಲಿ ಮಲಗುವ ಪ್ರಾಣಿಯೇ ಅಲ್ಲ. ದೀಪ ಹತ್ತಿದ್ದಾಗ ಕಣ್ಣು ಮುಚ್ಚಿ ಕೂತಿದೆ ಅಂದರೆ ಏನೋ ಸರಿ ಇಲ್ಲ ಅಂತಲೇ ಅರ್ಥ. ಕಣ್ಣೇ ಕೆಟ್ಟಿರಬಹುದು, ನೀರು ಸಾಲದೇ ಇರಬಹುದು, ಎಲುಬು, ಹೊಟ್ಟೆ, ಯಾವುದೂ ಇರಬಹುದು. ಕಾಡಿನಲ್ಲಿ ಸೋತಂತೆ ಕಂಡದ್ದನ್ನು ಹಕ್ಕಿಯೋ ಹಾವೋ ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಇವು ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತವೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ.

ಮಾರ್ಚ್ 13

ಸಂಜೆ ಮಗಳು ಇಕ್ಕಳದಲ್ಲಿ ಹುಳ ಹಿಡಿದು ಒಂದು ಗೇಣು ದೂರದಲ್ಲಿ ತೋರಿಸಿದಳು. ಬಸ್ಯಾನ ಎರಡೂ ಕಣ್ಣು ಮುಂದಕ್ಕೆ ತಿರುಗಿದವು. ಬಾಯಿ ಅರ್ಧ ತೆರೆಯಿತು, ನಾಲಿಗೆಯ ಗುಂಡು ತುದಿ ತುಟಿಯ ಹೊರಗೆ ಬಂತು. ಅಲ್ಲೇ ನಿಂತಿತು. ಒಂದು, ಎರಡು, ಮೂರು ಸೆಕೆಂಡ್. ಆಮೇಲೆ ಹಾರಿತು, ಆದರೆ ಹುಳಕ್ಕೆ ಎರಡು ಬೆರಳು ಇರುವಾಗಲೇ ಬಿತ್ತು. ಒಳಗೆ ಹೋಗುವುದಕ್ಕೂ ತಡವಾಯಿತು. ಸ್ಪ್ರಿಂಗ್ ಸತ್ತ ಅಳತೆ ಟೇಪನ್ನು ಕೈಯಿಂದ ದೂಡಿ ಒಳಗೆ ಹಾಕುತ್ತೇವಲ್ಲ, ಹಾಗೆ.

ಮಗಳು "ಅಪ್ಪಾ, ಗುರಿ ತಪ್ಪಿದ" ಅಂತ ನಕ್ಕಳು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಅವನು ಪ್ರಯತ್ನವನ್ನೇ ಮಾಡಲಿಲ್ಲ.

ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಮುಂಗಾಲಿನಿಂದ ಕೊಂಬೆಯನ್ನು ಹಿಡಿಯುವ ಬದಲು ತನ್ನದೇ ಹಿಂಗಾಲನ್ನು ಹಿಡಿದುಕೊಂಡು ಕೂತಿದ್ದ. ನೋಡಿದರೆ ನಗು ಬರುವ ಭಂಗಿ. ಎಲುಬು ಮೆತ್ತಗಾದ ಗೋಸುಂಬೆ ಹೀಗೆ ಮಾಡುತ್ತದೆ ಅಂತ ಆಮೇಲೆ ತಿಳಿಯಿತು.

ತಟ್ಟೆಯಲ್ಲಿದ್ದ ಹಿಕ್ಕೆಯನ್ನೂ ನೋಡಿದೆ. ಕಂದು ಭಾಗದ ಜೊತೆ ಸುಣ್ಣದಂಥ ಒಂದು ಗಟ್ಟಿ ಭಾಗ ಇರುತ್ತದೆ, ಅದು ಮೂತ್ರ. ಬೆಳ್ಳಗಿರಬೇಕು, ತುದಿಯಲ್ಲಿ ಚೂರು ಹಳದಿ ಇದ್ದರೂ ಪರವಾಗಿಲ್ಲ. ಇದು ಪೂರ್ತಿ ಕಿತ್ತಳೆ ಬಣ್ಣ. ಅಂದರೆ ಮೈಯಲ್ಲಿ ನೀರಿಲ್ಲ.

ರಿಜಿಸ್ಟರ್‌ನಲ್ಲಿ ಬರೆದದ್ದು ಇಷ್ಟು: ನಾಲಿಗೆ ಅರ್ಧ. ಹಗಲು ನಿದ್ದೆ. ಕೈ ಕಾಲು ಹಿಡಿದಿದೆ. ಹಿಕ್ಕೆ ಕಿತ್ತಳೆ. ಕಣ್ಣಿನ ಗುಡ್ಡೆ ಒಳಗೆ ಹೋದ ಹಾಗಿದೆ. ಅವ್ವ ಹೇಳಿ ನಾಲ್ಕು ದಿನ.

ಮಾರ್ಚ್ 14

ಬೆಳಿಗ್ಗೆ ಮೊದಲು ಹತ್ತಿರದ ನಾಯಿ ಬೆಕ್ಕಿನ ಡಾಕ್ಟರ ಹತ್ತಿರ ಹೋದೆ. ಅವರು ಮೇಜಿನ ಆಚೆಯಿಂದಲೇ ನೋಡಿ, ವಿಟಮಿನ್ ಡ್ರಾಪ್ಸ್ ಬರೆದು, ದಿನಾ ನಾಲ್ಕು ಹನಿ ಹಾಕಿ ಅಂದರು. ಹಾಕಲಿಲ್ಲ. ಎ ಮತ್ತು ಡಿ ವಿಟಮಿನ್ ಜಾಸ್ತಿ ಆದರೆ ಮೈಯಿಂದ ಹೊರಗೆ ಹೋಗುವುದಿಲ್ಲ, ಒಳಗೇ ಸೇರಿಕೊಂಡು ವಿಷವಾಗುತ್ತವೆ. ನೂರು ಚಿಲ್ಲರೆ ಗ್ರಾಂ ತೂಕದ ಪ್ರಾಣಿಗೆ ನಾಲ್ಕು ಹನಿ ಎಷ್ಟು ಅಂತ ಅವರೂ ಲೆಕ್ಕ ಹಾಕಿರಲಿಲ್ಲ.

ಮಧ್ಯಾಹ್ನ ರಜೆ ಹಾಕಿ ಪುಣೆ ಊರೊಳಗೆ ಹಕ್ಕಿ, ಆಮೆ, ಹಲ್ಲಿ ಜಾತಿ ನೋಡುವ ಡಾಕ್ಟರ ಹತ್ತಿರ ಹೊರಟೆ. ಬೂಟಿನ ಡಬ್ಬಿಗೆ ಅಡ್ಡ ಒಂದು ಕೋಲು ಸಿಗಿಸಿ, ತಳಕ್ಕೆ ಹಳೇ ಪಂಚೆ ಮಡಿಸಿ ಹಾಕಿ, ಗಾಳಿಗೆ ತೂತು ಮಾಡಿದೆ. ಕತ್ತಲಿದ್ದರೆ ಅವು ಗಾಬರಿ ಆಗುವುದು ಕಡಿಮೆ. ಹ್ಯಾರಿಸ್ ಬ್ರಿಜ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಾಗ ಆಟೋದವನು ತಿರುಗಿ "ಕಾಯ್ ಆಹೇ ತ್ಯಾತ್?" (ಅದರಲ್ಲಿ ಏನಿದೆ?) ಅಂದ. "ಸರಡಾ" (ಗೋಸುಂಬೆ) ಅಂದೆ. ಆಮೇಲೆ ಅವನು ಕನ್ನಡಿಯಲ್ಲಿ ರಸ್ತೆಗಿಂತ ನನ್ನನ್ನೇ ಜಾಸ್ತಿ ನೋಡಿದ.

ಡಾಕ್ಟರು ಮೊದಲು ಕೇಳಿದ್ದು ಪ್ರಾಣಿಯ ಬಗ್ಗೆ ಅಲ್ಲ. "ಗೂಡಿನ ಫೋಟೋ ಇದೆಯಾ?" ಅಂದರು. ತೋರಿಸಿದೆ. ಏನೂ ಹೇಳದೆ ಬಸ್ಯಾನ ಕೆಳದವಡೆಯನ್ನು ಬೆರಳ ತುದಿಯಿಂದ ಮುಟ್ಟಿದರು. ಉಗುರಿನ ಹಾಗೆ ಗಟ್ಟಿ ಇರಬೇಕಾದ್ದು ಒದ್ದೆ ರಟ್ಟಿನ ಹಾಗೆ ಒಂಚೂರು ಒಳಗೆ ಹೋಯಿತು. ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ, ಮೆತ್ತಗಿರುವ ದವಡೆ ಮುರಿಯುತ್ತದೆ ಅಂದರು. ಎಕ್ಸ್‌ರೇಯಲ್ಲಿ ಎಲುಬು ಹೊಗೆಯ ಗೆರೆಯ ಹಾಗೆ ತೆಳ್ಳಗೆ ಕಂಡಿತು. ಎಡ ಮುಂಗಾಲು ಸ್ವಲ್ಪ ಬಾಗಿತ್ತು. ಮುರಿತ ಇರಲಿಲ್ಲ, ಅದೇ ದೊಡ್ಡ ಪುಣ್ಯ.

ಎಂಬಿಡಿ (ಮೆಟಬಾಲಿಕ್ ಬೋನ್ ಡಿಸೀಸ್) ಅಂತ ಕರೆಯುವ ಎಲುಬಿನ ಕಾಯಿಲೆ ಇದು. ಲೆಕ್ಕ ಸರಳ. ಬಿಸಿಲಿನಲ್ಲಿರುವ ಯುವಿಬಿ ಅನ್ನುವ ಅತಿನೇರಳೆ ಕಿರಣ ಚರ್ಮಕ್ಕೆ ಬಿದ್ದರೆ ಮೈಯಲ್ಲಿ ಡಿ3 ವಿಟಮಿನ್ ಆಗುತ್ತದೆ. ಡಿ3 ಇದ್ದರೆ ಹೊಟ್ಟೆಯಲ್ಲಿನ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಕಿರಣ ಇಲ್ಲ ಅಂದರೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ಅದು ಹಿಕ್ಕೆಯಲ್ಲಿ ಹೋಗುತ್ತದೆ. ಹೃದಯ, ಸ್ನಾಯು ನಡೆಯಬೇಕಲ್ಲ, ಆಗ ಮೈ ತನ್ನ ಎಲುಬನ್ನೇ ಕರಗಿಸಿ ಕ್ಯಾಲ್ಸಿಯಂ ಎತ್ತಿಕೊಳ್ಳುತ್ತದೆ. ನಾಲಿಗೆ ಎಸೆಯುವುದೂ ಸ್ನಾಯುವಿನ ಕೆಲಸವೇ. ಹಾಗಾಗಿ ಅಲ್ಲಿಯೇ ಮೊದಲು ಗೊತ್ತಾಯಿತು.

ಚರ್ಮದ ಕೆಳಗೆ ಸ್ವಲ್ಪ ಸಲೈನ್ ಕೊಟ್ಟರು. ಬಾಯಿಗೆ ಹಾಕುವ ಕ್ಯಾಲ್ಸಿಯಂ ಕೊಟ್ಟರು. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅದು ತೂಕ ನೋಡಿ ಅವರೇ ಹೇಳಬೇಕಾದ್ದು. ಹಿಕ್ಕೆಯನ್ನು ಹುಳುವಿನ ಪರೀಕ್ಷೆಗೆ ಕಳಿಸಿದರು, ಅದರಲ್ಲಿ ಏನೂ ಸಿಗಲಿಲ್ಲ. ಹೊರಡುವಾಗ ಅಂದರು, "ಬಾಗಿದ ಎಲುಬು ನೆಟ್ಟಗೆ ಆಗುವುದಿಲ್ಲ. ಮುಂದೆ ಬಾಗದ ಹಾಗೆ ನೋಡಿಕೊಳ್ಳೋಣ. ನನ್ನ ಕೆಲಸ ಮುಗೀತು, ಇನ್ನು ಗೂಡಿನ ಕೆಲಸ ನಿಮ್ಮದು."

ತೂಕ 118 ಗ್ರಾಂ.

ಮಾರ್ಚ್ 15, 16: ತಪ್ಪು ಹುಡುಕಿದ್ದು

ಹಳೇ ಗೂಡು ಗಾಜಿನ ಶೋಕೇಸ್. ಮೂರು ಕಡೆ ಗಾಜು, ಮೇಲೆ ನೈಲಾನ್ ಸೊಳ್ಳೆ ಪರದೆ, ಪರದೆಯ ಮೇಲೆ ಯುವಿಬಿ ಟ್ಯೂಬ್, ಪಕ್ಕದಲ್ಲೇ 60 ವ್ಯಾಟ್‌ನ ಗುಂಡು ಬಲ್ಬ್. ಪೂರ್ವದ ಕಿಟಕಿ ಹತ್ತಿರ ಇಟ್ಟಿದ್ದೆವು. ಬೆಳಿಗ್ಗೆ ಎರಡು ತಾಸು ಬಿಸಿಲು ಅವನ ಮೈಮೇಲೆ ಬೀಳುತ್ತಿತ್ತು. ಇನ್ನೇನು ಬೇಕು ಅಂತ ನಾನೇ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ್ದೆ.

ಹಾವು ಹಲ್ಲಿ ಸಾಕುವ ಪರಿಚಯದವರೊಬ್ಬರಿಂದ ಯುವಿ ಅಳೆಯುವ ಸೋಲಾರ್‌ಮೀಟರ್ 6.5 ಕೆಲವು ದಿನದ ಮಟ್ಟಿಗೆ ತಂದೆ. ಬಿಸಿಲಲ್ಲಿ ಯುವಿ ಇಂಡೆಕ್ಸ್ ಎಷ್ಟಿದೆ ಅಂತ ನೇರ ಅಂಕಿಯಲ್ಲಿ ತೋರಿಸುತ್ತದೆ. ಮೊದಲು ತಾರಸಿಗೆ ಹೋದೆ. ಮಧ್ಯಾಹ್ನದ ಬಿಸಿಲಿಗೆ 10ರ ಮೇಲೆ ಹೋಯಿತು. ಕೆಳಗೆ ಬಂದು ಮುಚ್ಚಿದ ಕಿಟಕಿ ಹಿಂದೆ ಅದೇ ಬಿಸಿಲಿಗೆ ಹಿಡಿದೆ. 0.0. ಮೀಟರ್ ಕೆಟ್ಟಿತೇನೋ ಅಂತ ಕಿಟಕಿ ತೆರೆದೆ. ಅಂಕಿ ಮೇಲೆ ಏರಿತು. ಮುಚ್ಚಿದೆ, ಸೊನ್ನೆ. ಗಾಜು ಬೆಳಕನ್ನು ಬಿಡುತ್ತದೆ, ಸೆಕೆಯನ್ನು ಬಿಡುತ್ತದೆ, ಯುವಿಬಿಯನ್ನು ಮಾತ್ರ ತಡೆಯುತ್ತದೆ. ನಮ್ಮ ಬಸ್ಯಾ ಎರಡು ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸುತ್ತಿದ್ದ.

ಆಮೇಲೆ ಟ್ಯೂಬ್. ಅವನು ಕೂರುವ ಕೊಂಬೆಯ ಹತ್ತಿರ ಹಿಡಿದರೆ 0.4. ಸೊಳ್ಳೆ ಪರದೆ ತೆಗೆದು ಅಳೆದರೆ 0.7. ಈ ಜಾತಿಗೆ ಬಿಸಿಲು ಕಾಯಿಸುವ ಕೊಂಬೆಯಲ್ಲಿ 3ರ ಆಸುಪಾಸು ಇರಬೇಕು. ಗೆಳೆಯನಿಗೆ ಮೆಸೇಜ್ ಮಾಡಿದೆ, ಟ್ಯೂಬ್ ಹಾಕಿ ಹದಿನಾಲ್ಕು ತಿಂಗಳಾಗಿದೆ ಅಂದ. ಕಣ್ಣಿಗೆ ನೋಡಿದರೆ ಫಳಫಳ ಉರಿಯುತ್ತಿದೆ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಕಣ್ಣಿಗೆ ಕಾಣುವ ಬೆಳಕು ವರ್ಷಗಟ್ಟಲೆ ಬರುತ್ತದೆ, ಕಾಣದ ಯುವಿಬಿ ಅದಕ್ಕಿಂತ ಬಹಳ ಮೊದಲೇ ಇಳಿದುಹೋಗುತ್ತದೆ. ಮೀಟರ್ ಇಲ್ಲದವರು ಆರರಿಂದ ಹನ್ನೆರಡು ತಿಂಗಳೊಳಗೆ ಟ್ಯೂಬ್ ಬದಲಿಸಿಬಿಡುವುದು ಕ್ಷೇಮ.

ಮೂರನೇ ತಪ್ಪು ಇನ್ನೂ ಸ್ವಾರಸ್ಯದ್ದು. ಬಲ್ಬ್ ಕೆಳಗಿನ ಕೊಂಬೆಗೆ ತಂತಿಯ ತುದಿಯ ಥರ್ಮಾಮೀಟರ್ ಕಟ್ಟಿದೆ. ಮಧ್ಯಾಹ್ನಕ್ಕೆ 38 ಡಿಗ್ರಿ. ಇವಕ್ಕೆ 29, 30 ಸಾಕು. ಹಾಗಾಗಿ ಅವನು ಮೇಲಿನ ಕೊಂಬೆಗೆ ಹೋಗುವುದನ್ನೇ ಬಿಟ್ಟು ಕೆಳಗೆ ಮೂಲೆಯಲ್ಲಿ ಕೂರುತ್ತಿದ್ದ. ಟ್ಯೂಬ್ ಮೇಲೆ ಬಲ್ಬ್ ಪಕ್ಕದಲ್ಲಿ. ಸೆಕೆಯಿಂದ ದೂರ ಹೋದವನು ಇದ್ದ ಅಲ್ಪಸ್ವಲ್ಪ ಯುವಿಬಿಯಿಂದಲೂ ದೂರ ಹೋದ. ಹೊಸ ಟ್ಯೂಬ್ ಒಂದನ್ನೇ ತಂದು ಹಾಕಿದ್ದರೆ ದುಡ್ಡು ಖರ್ಚಾಗುತ್ತಿತ್ತು, ಕಾಯಿಲೆ ಅಲ್ಲೇ ಇರುತ್ತಿತ್ತು.

ಹೊಸ ಗೂಡು ಆಗುವ ತನಕ ಬೆಳಿಗ್ಗೆ ಎಂಟೂವರೆಗೆ ತಾರಸಿಯ ದಾಸವಾಳದ ಕುಂಡದ ಮೇಲೆ ಇಪ್ಪತ್ತು ನಿಮಿಷ ಬಿಡುತ್ತಿದ್ದೆವು. ಅರ್ಧ ಗಿಡ ನೆರಳಲ್ಲಿರಬೇಕು, ಬೇಕಾದಾಗ ಅವನೇ ಸರಿದುಕೊಳ್ಳಲಿ ಅಂತ. ಕಾಗೆಗಳ ಕಾಟ. ಅವ್ವ ಕೊಡೆ ಹಿಡಿದುಕೊಂಡು ಕುರ್ಚಿ ಹಾಕಿ ಕಾವಲು ಕೂತಳು. ಕಾಗೆ ಬಂದರೆ ಅದೇ ಕೊಡೆ ಕೋಲಾಗುತ್ತಿತ್ತು. ಕಟ್ಟಡದ ಮಕ್ಕಳೆಲ್ಲ ಸೇರಿ ಅವ್ವನಿಗೆ ಮರಾಠಿಯಲ್ಲಿ ಪ್ರಶ್ನೆ ಕೇಳುವುದು, ಅವ್ವ ಧಾರವಾಡ ಕನ್ನಡದಲ್ಲಿ ಉತ್ತರ ಕೊಡುವುದು. ಇಬ್ಬರಿಗೂ ಅರ್ಥವಾಗುತ್ತಿತ್ತು ಅಂತ ಕಾಣುತ್ತದೆ.

ಮಾರ್ಚ್ 17ರಿಂದ 23: ಗೂಡು ಕಟ್ಟಿದ್ದು

ಅಳತೆ ಎರಡು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರ. ದೊಡ್ಡ ಗಂಡಿಗೆ ಇದಕ್ಕಿಂತ ಸಣ್ಣದು ಬೇಡ. ಚೌಕಟ್ಟು ಅಲ್ಯುಮಿನಿಯಂ ಸೆಕ್ಷನ್. ಸ್ಲೈಡಿಂಗ್ ಕಿಟಕಿ ಮಾಡುವವನ ಅಂಗಡಿಯಲ್ಲಿ ತುಂಡುಗಳು ಬಿದ್ದಿರುತ್ತವೆ, ತೂಕದ ಲೆಕ್ಕದಲ್ಲಿ ಕೊಟ್ಟ. ಮೂಲೆಗೆ ಎಲ್ ಪಟ್ಟಿ, ಪಾಪ್ ರಿವೆಟ್. ಎರಡು ಬದಿಗೆ ಅಲ್ಯುಮಿನಿಯಂ ಜಾಲರಿ. ನೈಲಾನ್ ಬೇಡ, ಮಿಡತೆ ಜಾತಿಯ ಹುಳ ಕಡಿದು ತೂತು ಮಾಡಿ ಅಡುಗೆ ಮನೆಗೆ ಹೋಗುತ್ತವೆ. (ಅನುಭವದ ಮಾತು. ಹೆಂಡತಿ ಎರಡು ದಿನ ಮಾತಾಡಿರಲಿಲ್ಲ.) ಹಿಂದೆ ಮತ್ತು ಒಂದು ಬದಿಗೆ ಬಿಳಿ ಪಿವಿಸಿ ಫೋಮ್ ಬೋರ್ಡ್ ಹಾಕಿದೆ. ಪುಣೆಯ ಬೇಸಿಗೆ ಗಾಳಿ ಒಣ, ನಾಲ್ಕೂ ಕಡೆ ಜಾಲರಿ ಆದರೆ ತೇವ ನಿಲ್ಲುವುದಿಲ್ಲ. ಮುಂಬೈಯಲ್ಲಿರುವವರು ನಾಲ್ಕೂ ಕಡೆ ಜಾಲರಿ ಹಾಕಿದರೂ ನಡೆಯುತ್ತದೆ.

ಮೇಲ್ಭಾಗಕ್ಕೆ ಪ್ಲಾಸ್ಟಿಕ್ ಲೇಪದ ಅರ್ಧ ಇಂಚಿನ ವೆಲ್ಡ್ ಜಾಲರಿ. ಸಣ್ಣ ಕಣ್ಣಿನ ಜಾಲರಿ ಯುವಿಬಿಯನ್ನು ನುಂಗುತ್ತದೆ ಅಂತ ಮೀಟರ್ ತೋರಿಸಿತ್ತಲ್ಲ. ಹೊಸ ಯುವಿಬಿ ಟ್ಯೂಬ್ ಟಿ5 ಅನ್ನುವ ತೆಳ್ಳಗಿನ ಜಾತಿ, 24 ವ್ಯಾಟ್, ಹಿಂದೆ ಹೊಳೆಯುವ ರಿಫ್ಲೆಕ್ಟರ್. ಅದಕ್ಕೆ ಬೇಕಾದ ಚೋಕ್ ಸಮೇತದ ಪಟ್ಟಿ ಮೀನಿನ ಅಂಗಡಿಯಲ್ಲಿ ಸಿಕ್ಕಿತು. ಅಕ್ವೇರಿಯಂಗೆ ಹಾಕುವುದೂ ಅದೇ ಟಿ5 ಪಟ್ಟಿ.

ಗುಂಡು ಬಲ್ಬ್‌ಗೆ ಅಲೆದಾಡಿದೆ. ಈಗ ಎಲ್ಲಾ ಕಡೆ ಎಲ್‌ಇಡಿ, ತಂತಿ ಕಾಯುವ ಹಳೇ ಬಲ್ಬ್ ಕೇಳಿದರೆ ಅಂಗಡಿಯವರು ಮ್ಯೂಸಿಯಂಗೆ ಹೋಗಿ ಅನ್ನುವ ಮುಖ ಮಾಡುತ್ತಾರೆ. ಬುಧವಾರ ಪೇಟೆಯ ಎಲೆಕ್ಟ್ರಿಕಲ್ ಗಲ್ಲಿಯಲ್ಲಿ ನಾಲ್ಕನೇ ಅಂಗಡಿಯಲ್ಲಿ 40 ವ್ಯಾಟ್‌ನದು ಸಿಕ್ಕಿತು, ಆರು ತಂದೆ. ಹೋಲ್ಡರ್ ಪಿಂಗಾಣಿಯದ್ದೇ ಆಗಬೇಕು, ಪ್ಲಾಸ್ಟಿಕ್‌ನದು ದಿನಾ ಹನ್ನೆರಡು ತಾಸಿನ ಕಾವಿಗೆ ಪುಡಿಯಾಗುತ್ತದೆ. ಬಲ್ಬನ್ನು ಜಾಲರಿಗೆ ಅಂಟಿಸದೆ ಸಣ್ಣ ಸ್ಟ್ಯಾಂಡ್ ಮಾಡಿ 12 ಸೆಂಟಿಮೀಟರ್ ಮೇಲೆ ನಿಲ್ಲಿಸಿದೆ. ಗೋಸುಂಬೆ ಜಾಲರಿಗೆ ತಲೆಕೆಳಗಾಗಿ ಜೋತು ಬೀಳುತ್ತದೆ, ಬಲ್ಬ್ ಹತ್ತಿರ ಇದ್ದರೆ ಕಿರೀಟ, ಬೆನ್ನು ಸುಟ್ಟುಕೊಳ್ಳುತ್ತದೆ. ಸುಡುತ್ತಿದೆ ಅಂತ ಗೊತ್ತಾಗಿ ಅದು ಸರಿಯುವ ಹೊತ್ತಿಗೆ ಗಾಯ ಆಗಿರುತ್ತದೆ.

ಕೊಂಬೆಗೆ ಪೇರಲ ಗಿಡದ ಕಡ್ಡಿ. ಹೆಬ್ಬೆರಳು ದಪ್ಪದ್ದು ಕೆಲವು, ಕಿರುಬೆರಳು ದಪ್ಪದ್ದು ಕೆಲವು. ಅವನ ಪಂಜ ಪೂರ್ತಿ ಸುತ್ತಿ ಹಿಡಿಯುವ ಹಾಗಿರಬೇಕು. ಗಿಡಕ್ಕೆ ಮನಿ ಪ್ಲಾಂಟ್ ಮತ್ತು ದಾಸವಾಳ, ಈ ಜಾತಿ ಎಲೆಯನ್ನೂ ಕಚ್ಚಿ ತಿನ್ನುತ್ತದೆ. ಕಟ್ಟಡದ ಕೆಳಗೆ ಕಣಗಿಲೆ ಚೆನ್ನಾಗಿ ಬೆಳೆದಿದೆ, ಮಗಳು ಅದನ್ನೇ ಕಿತ್ತು ತಂದಿದ್ದಳು. ಕಣಗಿಲೆ ವಿಷ. ಅದನ್ನು ಮುಟ್ಟಿದ ಕೈಯನ್ನೂ ತೊಳೆಸಿದೆ.

ಮೊದಲ ಆರು ವಾರ ಕೊಂಬೆಗಳನ್ನೆಲ್ಲ ಕೆಳಗೆ ಕಟ್ಟಿ, ದೀಪವನ್ನೂ ಒಳಗೆ ಜಾಲರಿ ಡಬ್ಬಿಯಲ್ಲಿ ಇಳಿಬಿಟ್ಟೆ. ತಳಕ್ಕೆ ಮಡಿಸಿದ ಟವೆಲ್. ಮೆತ್ತಗಿನ ಎಲುಬಿನವನು ನಾಲ್ಕು ಅಡಿ ಮೇಲಿಂದ ಬಿದ್ದರೆ ಕಾಲು ಮುರಿದಂತೆಯೇ. ಗೂಡು ಎತ್ತರ ಇದ್ದರೂ ಅವನಿಗೆ ಒಂದಂತಸ್ತಿನ ಮನೆ.

ಮೀಟರ್ ವಾಪಸ್ ಕೊಡುವ ಮುಂಚೆ ಅಳೆದೆ. ಟ್ಯೂಬಿನಿಂದ 22 ಸೆಂಟಿಮೀಟರ್ ಕೆಳಗೆ ಕೊಂಬೆ ಕಟ್ಟಿದರೆ ಜಾಲರಿ ಇಲ್ಲದೆ 3.3, ಜಾಲರಿ ಹಿಡಿದರೆ 2.9. ಕೊಂಬೆಯ ಮೇಲೆ ಅಷ್ಟೇ ಎತ್ತರದ ಒಂದು ಕಡ್ಡಿಗೆ ಕೆಂಪು ದಾರ ಕಟ್ಟಿಟ್ಟಿದ್ದೇನೆ. ಗೂಡು ತೊಳೆದು ಮತ್ತೆ ಕೊಂಬೆ ಕಟ್ಟುವಾಗ ಆ ಕಡ್ಡಿಯೇ ಅಳತೆಗೋಲು.

ಮಾರ್ಚ್ 26: ನೀರಿನ ಅವಾಂತರ

ಗೋಸುಂಬೆ ಬಟ್ಟಲಲ್ಲಿ ನಿಂತ ನೀರನ್ನು ಗುರುತಿಸುವುದೇ ಕಷ್ಟ. ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಹಳೇ ಗೂಡಿಗೂ ಮಂಜು ಹಾರಿಸುವ ನಾಝಲ್ ಇತ್ತು. ಬಿಚ್ಚಿ ನೋಡಿದರೆ ತೂತಿನ ತುಂಬಾ ಬಿಳಿ ಸುಣ್ಣ. ನಮ್ಮಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ, ಉಳಿದದ್ದು ಟ್ಯಾಂಕರ್ ನೀರು, ಅದು ಬರೀ ಗಡಸು. ಹೊರಗಿನಿಂದ ನೋಡಿದರೆ ಪಂಪ್ ಸದ್ದು ಮಾಡುತ್ತಿತ್ತು, ಗಾಜು ಸ್ವಲ್ಪ ಮಸುಕಾಗುತ್ತಿತ್ತು, ನಮಗೆ ನೀರು ಹೋಗುತ್ತಿದೆ ಅಂತ ಸಮಾಧಾನ. ಎಲೆ ಮೇಲೆ ಹನಿಯೇ ಕೂರುತ್ತಿರಲಿಲ್ಲ. ಕಿತ್ತಳೆ ಹಿಕ್ಕೆಯ ಮೂಲ ಇಲ್ಲಿತ್ತು.

ನಾಝಲ್‌ಗಳನ್ನು ರಾತ್ರಿಯಿಡೀ ನಿಂಬೆ ಉಪ್ಪಿನ ನೀರಲ್ಲಿ ನೆನೆಸಿ, ಬೆಳಿಗ್ಗೆ ಸೂಜಿಯಿಂದ ಬಿಡಿಸಿ, ಮೂರು ಸಲ ತೊಳೆದೆ. ಪಂಪ್ ಹೊಸದು, ನೀರಿನ ಫಿಲ್ಟರ್‌ಗೆ ಹಾಕುವ 24 ವೋಲ್ಟ್‌ನ ಆರ್‌ಓ ಬೂಸ್ಟರ್ ಪಂಪ್. ಫಿಲ್ಟರ್ ರಿಪೇರಿ ಮಾಡುವವರ ಹತ್ತಿರ ಎಲ್ಲೆಡೆ ಸಿಗುತ್ತದೆ, ಹಲ್ಲಿ ಸಾಮಾನು ಅಂತ ಹೆಸರಿಟ್ಟು ಮಾರುವ ಪಂಪಿಗಿಂತ ಬಹಳ ಅಗ್ಗ, ಕಾಲು ಇಂಚಿನ ಬಿಳಿ ಪೈಪ್ ನೇರ ಕೂರುತ್ತದೆ. ನೀರಿಗೆ ಅಡುಗೆ ಮನೆಯ ಆರ್‌ಓ ನೀರು, 20 ಲೀಟರ್ ಕ್ಯಾನ್‌ನಲ್ಲಿ.

ಇಷ್ಟು ಜಾಣತನ ಮಾಡಿದವನು ಟೈಮರ್‌ನಲ್ಲಿ ಕೆಟ್ಟೆ. ಗೀಸರ್‌ಗೆ ಹಾಕುವ ಗಿರಕಿ ಟೈಮರ್ ಮನೆಯಲ್ಲೇ ಇತ್ತಲ್ಲ, ಅದನ್ನೇ ಸಿಗಿಸಿ ಒಂದು ಗುಂಡಿ ಒತ್ತಿದೆ. ಆ ಒಂದು ಗುಂಡಿ ಅಂದರೆ ಹದಿನೈದು ನಿಮಿಷ ಅಂತ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಹೊಳೆಯಲಿಲ್ಲ. ಬೆಳಗಿನ ಆರು ಗಂಟೆಗೆ ಕೆಳಗಿನ ಮನೆಯ ಕಾಕೂ ಬಾಗಿಲು ಬಡಿದರು. ಅವರ ಬಾಲ್ಕನಿಯ ಹಪ್ಪಳ ಒದ್ದೆ. ಬಸ್ಯಾ ಮಾತ್ರ ತೊಟ್ಟಿಕ್ಕುವ ಮನಿ ಪ್ಲಾಂಟ್ ಕೆಳಗೆ ನಿಂತು ಗಂಟಲು ಆಡಿಸುತ್ತಾ ನೀರು ಕುಡಿಯುತ್ತಿದ್ದ. ಅಷ್ಟು ಹೊತ್ತು ಅವನು ಕುಡಿದದ್ದನ್ನು ನಾನು ನೋಡಿಯೇ ಇರಲಿಲ್ಲ.

ಮರುದಿನ ಸೆಕೆಂಡ್ ಲೆಕ್ಕದ ಡಿಜಿಟಲ್ ಟೈಮರ್ ಬಂತು. ದೀಪ ಹತ್ತುವ ಮುಂಚೆ ಎರಡು ನಿಮಿಷ, ಮಧ್ಯಾಹ್ನ ಒಂದು, ದೀಪ ಆರಿದ ಮೇಲೆ ಎರಡು. ನಡುವೆ ಗೂಡು ಪೂರ್ತಿ ಒಣಗಬೇಕು. ಸದಾ ಒದ್ದೆ ಇದ್ದರೆ ಅದು ಬೇರೆಯೇ ಕಾಯಿಲೆ ತರುತ್ತದೆ. ತಳದ ಬೋರ್ಡನ್ನು ಒಂದು ಮೂಲೆಗೆ ಇಳಿಜಾರು ಮಾಡಿ, ತೂತು ಕೊರೆದು, ಪೈಪ್ ಕೆಳಗೆ ಬಕೆಟ್ ಇಟ್ಟೆ. ಕಾಕೂಗೆ ಊರಿಂದ ಬಂದ ಹಪ್ಪಳ ಒಂದು ಕಟ್ಟು ಕೊಟ್ಟು ಬಂದೆ.

ಊಟದ ಕಡೆಯ ರಿಪೇರಿ

ಹುಳಗಳಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಹಾಗಾಗಿ ಹುಳವನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ನಾವು ಕೊಡುತ್ತಿದ್ದೆವು, ಆದರೆ ಉಂಡೆಗೆ ಎಳ್ಳು ಹಚ್ಚಿದ ಹಾಗೆ ದಪ್ಪಗೆ ಹಚ್ಚಿ ವಾರಕ್ಕೊಮ್ಮೆ. ಬಹುತೇಕ ಪ್ರತಿ ಸಲ, ತೆಳ್ಳಗೆ, ಡಿ3 ಇಲ್ಲದ ಪುಡಿ ಇರಲಿ, ಡಿ3 ಮತ್ತು ವಿಟಮಿನ್ ಇರುವುದು ಹದಿನೈದು ದಿನಕ್ಕೊಮ್ಮೆ ಸಾಕು ಅಂತ ಡಾಕ್ಟರು ತಿದ್ದಿದರು. ಹುಳದ ಹೊಟ್ಟೆಯಲ್ಲಿ ಏನಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಈಗ ಹುಳಗಳಿಗೆ ನುಗ್ಗೆಸೊಪ್ಪು, ಗಜ್ಜರಿ. ಪಾಲಕ್ ಇಲ್ಲ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ.

ದುಬಿಯಾ ಜಿರಳೆಯನ್ನು ಡಬ್ಬಿಯಲ್ಲಿ ಮನೆಯಲ್ಲೇ ಬೆಳೆಸುತ್ತೇವೆ. ನೆಂಟರಿಗೆ ಹೇಳುವುದಿಲ್ಲ. ಅಡುಗೆ ಮನೆಯ ಜಿರಳೆ ಹಿಡಿದು ಹಾಕಬಾರದಾ ಅಂತ ಕೇಳುವವರಿಗೆ: ಬೇಡ. ಯಾರ ಮನೆಯ ಔಷಧಿ ತಿಂದು ಬಂದಿದೆಯೋ.

ಏಪ್ರಿಲ್

ಅಡುಗೆ ತಕ್ಕಡಿ ಮೇಲೆ ಟಿ ಆಕಾರದ ಒಂದು ಕಡ್ಡಿ ಸ್ಟ್ಯಾಂಡ್ ಇಟ್ಟು ಸೊನ್ನೆ ಮಾಡಿ, ಬಸ್ಯಾನನ್ನು ಅದರ ಮೇಲೆ ಹತ್ತಿಸಿ ತೂಗುತ್ತೇವೆ. ಕೈಯಲ್ಲಿ ಹಿಸುಕಿ ಹಿಡಿಯುವ ಕೆಲಸವಿಲ್ಲ. ಪ್ರತಿ ಭಾನುವಾರ, ಊಟಕ್ಕೆ ಮೊದಲು. 118, 117, 121, 124. ಆ 117 ಬಂದ ವಾರ ನಿದ್ದೆ ಬರಲಿಲ್ಲ.

ಏಪ್ರಿಲ್ 6ಕ್ಕೆ ಹಿಕ್ಕೆ ಬೆಳ್ಳಗಾಯಿತು. ಮಗಳು ಶಾಲೆಯಿಂದ ಬಂದವಳೇ "ಆಯಿ, ಬಿಳಿ!" ಅಂತ ಅಜ್ಜಿಗೆ ಹೇಳಲು ಓಡಿದಳು. ನಮ್ಮಲ್ಲಿ ಆಯಿ ಅಂದರೆ ಅಜ್ಜಿ, ಕೆಳಗಿನ ಮನೆಯವರಿಗೆ ಆಯಿ ಅಂದರೆ ತಾಯಿ. ಇದನ್ನು ಕೇಳಿದವರು ಏನು ಅಂದುಕೊಂಡರೋ.

ಒಂದು ಗುರುವಾರ ಕರೆಂಟ್ ಬೆಳಿಗ್ಗೆ ಹೋಗಿದ್ದು ಸಂಜೆ ಬಂತು. ಮಧ್ಯಾಹ್ನ ಅವ್ವನ ಫೋನ್: "ಬಾಯಿ ತಕ್ಕೊಂಡು ಕುಂತೈತಿ, ಮೈ ಬಿಳಚಿಕೊಂಡೈತಿ." ಇದರಲ್ಲಿ ಎರಡು ಬೇರೆ ಬೇರೆ ಕತೆ ಇರುತ್ತವೆ. ಸೆಕೆ ಜಾಸ್ತಿ ಆದರೂ ಬಾಯಿ ತೆರೆಯುತ್ತದೆ, ಆಗ ಮೈ ಬಣ್ಣ ಪೇಲವ ಆಗುತ್ತದೆ. ತಂಪಿನಲ್ಲಿದ್ದೂ ಬಾಯಿ ತೆರೆದು, ಮೂತಿ ಮೇಲಕ್ಕೆತ್ತಿ, ಉಸಿರಿನ ಜೊತೆ ಸೀಟಿಯಂಥ ಸದ್ದು, ಬಾಯಂಚಿಗೆ ಗುಳ್ಳೆ ಬಂದರೆ ಅದು ಶ್ವಾಸಕೋಶದ ಸೋಂಕು, ಅದೇ ದಿನ ಡಾಕ್ಟರು ನೋಡಬೇಕು. "ಸದ್ದು ಬರ್ತೈತೇನು? ಗುಳ್ಳಿ ಅದಾವೇನು?" ಕೇಳಿದೆ. ಇಲ್ಲ ಅಂದಳು. ಗೂಡಿನಲ್ಲಿ 36 ಡಿಗ್ರಿ. ದಾಸವಾಳದ ಕುಂಡ ಸಮೇತ ಬಚ್ಚಲಿಗೆ ಒಯ್ದು ಎಲೆಗಳಿಗೆ ಉಗುರು ಬೆಚ್ಚಗಿನ ನೀರು ಚಿಮುಕಿಸಲು ಹೇಳಿದೆ. ಐಸ್ ನೀರು ಬೇಡ ಅಂತ ಎರಡು ಸಲ ಹೇಳಿದೆ. ಅರ್ಧ ಗಂಟೆಗೆ ಹಸಿರು ವಾಪಸ್ ಬಂತು. ಈಗ ಕ್ಯಾನ್ ಪಕ್ಕ ಒಂದು ಕೈಪಂಪಿನ ಸ್ಪ್ರೇ ಬಾಟಲಿ ಖಾಯಂ.

ಹೆಣ್ಣು ಸಾಕುವವರಿಗೆ ಒಂದು ಮಾತು ಸೇರಿಸುತ್ತೇನೆ. ಬಸ್ಯಾ ಗಂಡು, ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥದ್ದು ಹುಟ್ಟಿನಿಂದಲೇ ಇರುತ್ತದೆ. ಈ ಜಾತಿಯ ಹೆಣ್ಣು ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ಅಗೆಯಲು ಒಂದಡಿ ಆಳದ ಹಸಿ ಮರಳಿನ ತೊಟ್ಟಿ ಗೂಡಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೆ ಬರುತ್ತದೆ. ತಳದಲ್ಲಿ ಅತ್ತಿಂದಿತ್ತ ಓಡಾಡುತ್ತಾ ಊಟ ಬಿಟ್ಟಿದ್ದ ಹೆಣ್ಣು ಆಮೇಲೆ ಕಣ್ಣು ಮುಚ್ಚಿ ಕೂತರೆ ಕಾಯಬೇಡಿ.

ಮೇ 4

ಎರಡನೇ ಎಕ್ಸ್‌ರೇ. ಹೊಗೆಯ ಗೆರೆ ಈಗ ಪೆನ್ಸಿಲ್ ಗೆರೆ. ಎಡ ಮುಂಗಾಲು ಬಾಗಿದ್ದು ಹಾಗೇ ಇದೆ, ನಡೆಯುವಾಗ ಅದನ್ನು ಸ್ವಲ್ಪ ಹೊರಗೆ ಇಟ್ಟು ನಡೆಯುತ್ತಾನೆ. ದವಡೆ ಗಟ್ಟಿ. ತೂಕ 131. ಕೊಂಬೆಗಳನ್ನು ಮೇಲೆ ಕಟ್ಟಬಹುದು ಅಂದರು. ಅದೇ ಸಂಜೆ ಟವೆಲ್ ತೆಗೆದು, ಟ್ಯೂಬ್ ಮೇಲೆ ಹಾಕಿ, ಕೆಂಪು ದಾರದ ಕಡ್ಡಿ ಹಿಡಿದು 22 ಸೆಂಟಿಮೀಟರ್‌ಗೆ ಕೊಂಬೆ ಕಟ್ಟಿದೆ. ಥರ್ಮಾಮೀಟರ್ 29.5 ತೋರಿಸಿತು.

ಬಸ್ಯಾ ಕೆಳಗಿನ ಕೊಂಬೆಯಿಂದ ಮೇಲಕ್ಕೆ ಹೋಗಲು ಹನ್ನೊಂದು ನಿಮಿಷ ತೆಗೆದುಕೊಂಡ. ಒಂದು ಹೆಜ್ಜೆ ಇಡುವುದು, ಗಾಳಿಗೆ ಎಲೆ ತೂಗಿದ ಹಾಗೆ ಮೂರು ಸಲ ತೂಗುವುದು, ಮತ್ತೆ ಒಂದು ಹೆಜ್ಜೆ. ಮೇಲೆ ಹೋಗಿ ಬದಿಯನ್ನು ಚಪ್ಪಟೆ ಮಾಡಿ ಟ್ಯೂಬಿನ ಕಡೆ ತಿರುಗಿಸಿ ಕೂತ. ಮಗಳು ಇಕ್ಕಳ ಹಿಡಿದು ಒಂದು ಗೇಣು ದೂರದಲ್ಲಿ ನಿಂತಳು. ನಾಲಿಗೆ ಹೋದದ್ದೂ ಬಂದದ್ದೂ ನನಗೆ ಕಾಣಲಿಲ್ಲ, ಇಕ್ಕಳ ಖಾಲಿ ಆಗಿತ್ತು.

"ನೋಡಿದ್ಯಾ ಆಯಿ?" ಅಂದಳು.

ಅವ್ವ ಕನ್ನಡಕ ಒರೆಸುತ್ತಿದ್ದಳು. "ಇನ್ನೊಮ್ಮಿ ಹಾಕು" ಅಂದಳು.

ಟ್ಯೂಬಿನ ತುದಿಗೆ ಮಾರ್ಕರ್‌ನಿಂದ ಹಾಕಿದ ದಿನಾಂಕ ಬರೆದಿದ್ದೇನೆ, ಡಿಸೆಂಬರ್‌ಗೆ ಮೀಟರ್ ಮತ್ತೆ ಕೇಳಿ ಇಟ್ಟಿದ್ದೇನೆ. ಆಗ ರಾತ್ರಿಯ ಚಳಿಗೂ ಏನಾದರೂ ಮಾಡಬೇಕು. ಮಳೆಗಾಲಕ್ಕೆ ಮಧ್ಯಾಹ್ನದ ನೀರು ನಿಲ್ಲಿಸಬೇಕು. ಬಾಕಿ ಇರುವ ಕೆಲಸ: ಬಕೆಟ್ ತುಂಬಿದರೆ ಪಂಪ್ ನಿಲ್ಲಿಸುವ ಫ್ಲೋಟ್ ಸ್ವಿಚ್. ಕಾಕೂ ಈ ವಾರ ಸಂಡಿಗೆ ಹಾಕುತ್ತಾರಂತೆ.